ಹಗೇವಿನ ದಿಬ್ಬ

"ಹೆಗ್ಗಣವಾದ್ರೂ ತಿಂದು ಒಂದು ಹಿಡಿ ಉಳಿಸ್ತದೆ ಸಾಬ್ರೆ. ನಮ್ಮನೇಲಿ ಹುಟ್ಟಿದ ಈ ಹೆಗ್ಗಣ ಅದನ್ನೂ ಉಳಿಸ್ನಿಲ್ಲ."

ಮದ್ದೂರಿನ ರೇಷನ್ ಡಿಪೋ ಮುಂದೆ ಸಾಲುಗಟ್ಟಿ ನಿಂತ ಅಷ್ಟೂ ಜನರ ಎದುರಿಗೆ, ಕೆಂಪಸಿದ್ದಯ್ಯ ತನ್ನ ತಮ್ಮನ ಮಗ ಚಿಕ್ಕಣ್ಣನ ಕಡೆ ಊರುಗೋಲು ಚಾಚಿ ಹೀಗಂದ. ಡಿಪೋದ ನಿಜಾಮುದ್ದೀನ್ ಸಾಬರು ಅಳೆಯುತ್ತಿದ್ದ ಸೇರನ್ನು ಹಾಗೇ ಹಿಡಿದು ನಿಂತರು. ಪಾಪ, ಅವರು ಸುಮ್ಮನೆ ಮಾತಿಗೆ ಕೇಳಿದ್ದರು: "ಏನ್ ಗೌಡ್ರೆ, ನಿಮ್ಮ ಕೆಂಚನಕೊಪ್ಪಲಲ್ಲಿ ನೆಲದೊಳಗೆ ರಾಗಿ ತುಂಬಿಟ್ಟಿದ್ದೀರಂತಲ್ಲ, ನಿಮಗ್ಯಾಕೆ ಈ ಹಡಗಿನ ಜೋಳ?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ಕಬ್ಬಿನ ಸೀಮೆಯೋರು ಕಣಪ್ಪ. ಬೆಲ್ಲ ನೆಕ್ಕೊಂಡಿರ್ಲಿ ಬುಡು," ಎಂದಿತು ಇನ್ನೊಂದು ದನಿ.

ಹೆಗ್ಗಣ ಎಂಬ ಮಾತನ್ನು ಬೇರೆ ಯಾರಾದರೂ ಆಡಿದ್ದರೆ ಚಿಕ್ಕಣ್ಣ ಅವನ ಕುತ್ತಿಗೆಪಟ್ಟಿಗೆ ಕೈ ಹಾಕುತ್ತಿದ್ದ. ಅವನ ಸ್ವಭಾವವೇ ಅದು. ಬೆತ್ತ ಎತ್ತಿದ ಮೇಷ್ಟರ ಕೈಯಿಂದ ಬೆತ್ತ ಕಿತ್ತು ಮುರಿದು ಇಸ್ಕೂಲು ಬಿಟ್ಟು ಬಂದವನು. ಆದರೆ ದೊಡ್ಡಪ್ಪ ಹೇಳಿದ್ದು ಸುಳ್ಳಾಗಿರಲಿಲ್ಲ. ಸುಳ್ಳಲ್ಲದ ಮಾತಿಗೆ ಸಿಟ್ಟು ಬಂದರೆ ಅದನ್ನು ಯಾರ ಮೇಲೆ ತೀರಿಸಿಕೊಳ್ಳುವುದು? ಅವನು ಚೀಲ ಒಡ್ಡಿದ. ಸಾಬರು ಕೆಂಪು ಜೋಳ ಸುರಿದರು. ಅಮೇರಿಕದಿಂದ ಹಡಗು ಹತ್ತಿ, ಎಲ್ಲೆಲ್ಲೋ ಇಳಿದು, ರೈಲಲ್ಲಿ ಬಂದ ಜೋಳ ಅದು. ಗೋಣಿಯ ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಅದರ ಹಿಟ್ಟಿನಲ್ಲಿ ಮುದ್ದೆ ಕಟ್ಟಲು ಹೋದರೆ ಕೈಯಲ್ಲೇ ಒಡೆಯುತ್ತಿತ್ತು.

ಹತ್ತು ಹನ್ನೆರಡು ವರ್ಷದ ಹಿಂದೆ ಕೆಂಚನಕೊಪ್ಪಲಿನವರು ರೇಷನ್ ಅಂಗಡಿ ಅಂದರೆ ಏನೆಂದೇ ಕಂಡಿರಲಿಲ್ಲ. ಊರ ಮೂಡಲಿಗೆ ಒಂದು ಗಟ್ಟಿ ನೆಲದ ದಿಬ್ಬ. ಅಲ್ಲಿ ಮನೆಗೊಂದರಂತೆ ಹಗೇವು ತೋಡಿದ್ದರು. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು, ಮಣ್ಣೊಳಗೆ ಹೂತ ಹರವಿಯ ಹಾಗೆ. ಸುತ್ತ ರಾಗಿಹುಲ್ಲು ಒತ್ತಿ, ರಾಗಿ ಸುರಿದು, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ, ತಾತ ತುಂಬಿದ್ದನ್ನು ಮೊಮ್ಮಗ ತೆಗೆದು ಉಣ್ಣಬಹುದಾಗಿತ್ತು. ಆ ದಿಬ್ಬದ ಮೇಲೆ ಯಾರೂ ನೀರು ಚೆಲ್ಲುತ್ತಿರಲಿಲ್ಲ. ದನಕ್ಕೂ ಅಲ್ಲಿ ನೀರು ಕುಡಿಸುತ್ತಿರಲಿಲ್ಲ. ಹೆಣ್ಣುಮಕ್ಕಳು ತುಂಬಿದ ಕೊಡ ಹೊತ್ತು ದಿಬ್ಬವನ್ನು ಬಳಸಿಕೊಂಡೇ ಹೋಗುತ್ತಿದ್ದರು.

ಆಮೇಲೆ ನಾಲೆ ಬಂತು. ಮಂಡ್ಯದ ಕಾರ್ಖಾನೆಗೆ ಕಬ್ಬಿನ ಗಾಡಿಗಳು ಸಾಲು ಹಿಡಿದವು. ರಾಗಿ ಹೊಲಗಳೆಲ್ಲ ಒಂದೊಂದಾಗಿ ಕಬ್ಬಿನ ಗದ್ದೆಗಳಾದವು. ಉಣ್ಣುವುದಕ್ಕೆ ಮದ್ದೂರಿನ ಅಂಗಡಿಗಳಲ್ಲಿ ರಂಗೂನ್ ಅಕ್ಕಿ, ನಮ್ಮ ರಾಗಿಗಿಂತ ಅಗ್ಗ. ಬಿಳೀ ಅನ್ನ ಕಂಡ ಊರು ಮುದ್ದೆಯನ್ನು ಬಡವರ ಊಟ ಎಂದಿತು.

ಚಿಕ್ಕಣ್ಣನ ಹೊಲವೂ ಇನ್ನು ಕೆಲವರ ಹೊಲಗಳೂ ಮಾತ್ರ ದಿಬ್ಬದ ಆಚೆ ಮಗ್ಗುಲಿಗಿದ್ದವು. ಅಲ್ಲಿಗೆ ನೀರು ಹೋಗಬೇಕಾದರೆ ದಿಬ್ಬ ಸೀಳಬೇಕು. ಅವನು ಗುದ್ದಲಿ ಹಿಡಿದು ಹೊರಟ ದಿನ ಕೆಂಪಸಿದ್ದಯ್ಯ ಅಡ್ಡ ಬಂದು ನಿಂತ.

"ಇಲ್ಲಿ ನೀರು ಆಯಿಸ್ಬ್ಯಾಡ ಕಣ್ಲಾ. ಕೆಳಗೆ ಊರ ಕೂಳು ಅದೆ."

"ಯಾವ ಕಾಲದ ಕೂಳು ದೊಡ್ಡಪ್ಪ? ಇನ್ನೂ ಗುಂಡೀಲಿ ಬಚ್ಚಿಟ್ಕೊಂಡು ತಿನ್ನಕೆ ನಾವೇನು ಇಲಿಗಳಾ? ಅಕ್ಕಿ ಬತ್ತದಲ್ಲ ಹಡಗಲ್ಲಿ."

ಸುತ್ತ ನಿಂತಿದ್ದ ಹುಡುಗರು ನಕ್ಕರು. ನಗುವವರು ಇದ್ದರೆ ಚಿಕ್ಕಣ್ಣನಿಗೆ ಗುದ್ದಲಿ ಹಗುರ. ಆ ದಿನವೇ ಕಾಲುವೆ ದಿಬ್ಬ ದಾಟಿತು. ಮುಂದಿನ ವರ್ಷ ಅವನ ಹೊಲದ ಕಬ್ಬು ಆಳೆತ್ತರ ನಿಂತಾಗ ಬೈದವರೇ ಬಂದು ಅದೇ ಕಾಲುವೆಯಿಂದ ತಮ್ಮ ಹೊಲಕ್ಕೂ ಕವಲು ತೆಗೆದರು. ಯಾರೂ ಹಗೇವು ತೆರೆದು ನೋಡಲಿಲ್ಲ. ಅನ್ನ ಇರುವಾಗ ಯಾಕೆ ತೆರೆಯಬೇಕು?

ಜಪಾನಿನವರು ರಂಗೂನ್ ಹಿಡಿದ ಮೇಲೆ ಅಕ್ಕಿಯ ಹಡಗು ನಿಂತಿತು. ಯುದ್ಧ ಮುಗಿದರೂ ಅದು ಮತ್ತೆ ಬರಲಿಲ್ಲ. ಕಬ್ಬು ಮಾರಿ ಕೈಯಲ್ಲಿ ನೋಟು ಹಿಡಿದು ನಿಂತರೂ ಕಾಳು ಕೊಡುವವರಿಲ್ಲ, ಡಿಪೋದಲ್ಲಿ ಕೊಟ್ಟಷ್ಟೇ. ಈ ಬೇಸಗೆಯಲ್ಲಿ ಅದನ್ನೂ ಕಡಿಮೆ ಮಾಡಿದಾಗ ಊರಿಗೆ ದಿಬ್ಬ ನೆನಪಾಯಿತು.

ಮೊದಲು ಕೆಂಪಸಿದ್ದಯ್ಯನ ಹಗೇವು. ಚಪ್ಪಡಿ ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟರು. ದೀಪ ಆರಿತು. ಮತ್ತೆ ಹಚ್ಚಿ ಇಳಿಬಿಟ್ಟರು, ಮತ್ತೆ ಆರಿತು. ಬಾಯಿಂದ ಹುಳಿಹೆಂಡದ ವಾಸನೆ ಮೇಲೆ ಬಂತು. ಉದ್ದನೆಯ ಬಿದಿರ ಗಳುವಿಗೆ ಕೊಡ ಕಟ್ಟಿ ಎತ್ತಿದಾಗ ಬಂದದ್ದು ರಾಗಿಯಲ್ಲ, ಕರೀ ಕೆಸರು. ಕೆಂಪಸಿದ್ದಯ್ಯ ಅದನ್ನು ಅಂಗೈಯಲ್ಲಿ ಹಿಡಿದು, ಮೂಸಿ, ಕೈಯನ್ನು ಪಂಚೆಗೆ ಒರೆಸಿಕೊಂಡ. ಆವತ್ತೇ ಬೈದಿದ್ದರೆ ಚಿಕ್ಕಣ್ಣನಿಗೆ ಎಷ್ಟೋ ಸುಲಭವಾಗುತ್ತಿತ್ತು.

ಉಳಿದ ಹಗೇವುಗಳದ್ದೂ ಅದೇ ಪಾಡು. ಚಿಕ್ಕಣ್ಣ ಕಾಲುವೆಯ ಬಾಯಿಗೆ ಮಣ್ಣು ಮೆತ್ತಿ ಮುಚ್ಚಿದ. ಕಾಲುವೆ ಒಣಗಿತು. ದಿಬ್ಬದ ನೆಲ ಒಣಗಲಿಲ್ಲ.

ಡಿಪೋದಿಂದ ಊರಿಗೆ ಬರುವ ದಾರಿಯಲ್ಲಿ ದೊಡ್ಡಪ್ಪ ಮುಂದೆ, ಜೋಳದ ಚೀಲ ಹೊತ್ತ ಚಿಕ್ಕಣ್ಣ ಹಿಂದೆ. ಹುಣಸೆ ಮರದ ನೆರಳಿಗೆ ಬಂದಾಗ ಮುದುಕ ನಿಂತ.

"ಬಂಡೆ ಮಗ್ಗುಲಲ್ಲಿ ನನ್ನದೊಂದು ತುಂಡು ಒಲ ಅದೆಯಲ್ಲ, ಅಲ್ಲಿಗಿನ್ನೂ ನಾಲೆ ನೀರು ಏರಿಲ್ಲ. ಮಳೆ ಬಿದ್ರೆ ರಾಗಿ ಆಕ್ಬೇಕು ಅಂತ ಇವ್ನಿ. ಊರೆಲ್ಲ ಸುತ್ತಿದೆ. ಒಂದು ಬೊಗಸೆ ಬಿತ್ತನೆ ಇಲ್ಲ ಕಣ್ಲಾ, ಯಾರ ಮನೇಲೂ."

"ಅಕ್ಕನ ಮನೇಲಿ ಇರ್ತದೆ. ತತ್ತೀನಿ ಬುಡು."

ಮುದುಕ ಅವನ ಮುಖ ನೋಡಿದ. "ಬೈದೆ ಅಂತ ಬ್ಯಾಸರ ಮಾಡ್ಕೊಬ್ಯಾಡ. ಜೋಳ ತಿಂದು ಒಟ್ಟೆ ಉರೀತದೆ. ಬಾಯಿಗೆ ಬಂದ್ಬುಡ್ತದೆ."

ಬೈಗುಳಕ್ಕಿಂತ ಆ ಮಾತು ಚಿಕ್ಕಣ್ಣನಿಗೆ ಭಾರವಾಯಿತು.

ಅಕ್ಕ ಯಶೋದಮ್ಮನನ್ನು ಕೊಟ್ಟಿದ್ದು ಮಳವಳ್ಳಿಯ ಆಚೆಯ ಒಂದು ಬೆದ್ದಲು ಹಳ್ಳಿಗೆ. ನೀರಿಲ್ಲದ ಊರು ಎಂದು ಚಿಕ್ಕಣ್ಣ ಎಷ್ಟೋ ಸಲ ಅಣಕಿಸಿದ್ದ. ಅಲ್ಲಿಗೆ ಹೋಗಿ ಕೂತ ಅವನ ತಟ್ಟೆಗೆ ಅಕ್ಕ ಬಿಸಿ ಮುದ್ದೆ ಹಾಕಿ ಅವರೆಕಾಳಿನ ಸಾರು ಬಿಟ್ಟಾಗ ಅವನು ತಲೆ ಎತ್ತದೆ ಉಂಡ. ಅಕ್ಕ ಕೇಳದೆಯೇ ಇನ್ನೊಂದು ಮುದ್ದೆ ಇಟ್ಟಳು. ಆಮೇಲೆ ಮೂಲೆಯಲ್ಲಿ ಕಾಳು ತುಂಬಿಡುವ ಮಣ್ಣಿನ ವಾಡೆಯಲ್ಲಿ ಹುಳು ಬೀಳದಂತೆ ಹಾಕಿದ್ದ ಬೂದಿ ಸರಿಸಿ ಬಿತ್ತನೆ ರಾಗಿ ತೆಗೆದು, ತನ್ನ ಹಳೇ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿದಳು.

"ಬಾವ ಎಲ್ಲಿ ಅಕ್ಕ?"

"ಊರ ಮುಂದೆ ಅವ್ರೆ. ನಮ್ಗೂ ನಾಲೆ ಬತ್ತದಂತೆ ಕಣಪ್ಪ. ಈಗ್ಲೇ ಕಾಲುವೆ ಅಗೀತಾವ್ರೆ. ಇನ್ನು ನಾವೂ ಕಬ್ಬು." ಅವಳ ಮುಖ ಅರಳಿತ್ತು.

ಚಿಕ್ಕಣ್ಣ ಗಂಟು ಎತ್ತಿಕೊಂಡು ಓಡುನಡಿಗೆಯಲ್ಲಿ ಹೋದ. ಊರ ಮುಂದಿನ ಗಟ್ಟಿ ನೆಲದ ದಿಬ್ಬದಲ್ಲಿ ಮಣ್ಣು ಮೆತ್ತಿದ ಚಪ್ಪಡಿಗಳು ಅಲ್ಲೊಂದು ಇಲ್ಲೊಂದು. ಅವುಗಳ ನಡುವೆಯೇ ಬಾವ ಕರಿಯಪ್ಪ, ಅವನ ಜೊತೆಯವರು, ಸೊಂಟಮಟ್ಟ ಅಗೆದು ಸಾಗಿದ್ದರು.

"ಬಾವ, ನಿಲ್ಸಿ. ಇಲ್ಲಿ ನೀರು ಬಂದ್ರೆ ಹಗೇವು ಕೊಳೀತವೆ. ನಮ್ಮೂರಲ್ಲಿ ಎಲ್ಲಾ ಕೊಳೆತೋದ್ವು. ದಿಬ್ಬ ಬಳಸ್ಕೊಂಡು ತಗೊಂಡೋಗಿ."

"ಬಳಸ್ಕೊಂಡೋದ್ರೆ ನೀರು ಏರಾಕಿಲ್ಲ ಕಣೋ. ನೋಡಿರಪ್ಪ," ಕರಿಯಪ್ಪ ಜೊತೆಯವರ ಕಡೆ ತಿರುಗಿದ, "ಕಬ್ಬು ಬೆಳೆದು ಎಂಚಿನ ಮನೆ ಕಟ್ಟಿಸ್ಕೊಂಡೋನು ನಮ್ಗೆ ಬುದ್ಧಿ ಯೋಳ್ತಾವ್ನೆ. ನಾವು ಗುಂಡಿ ರಾಗಿ ತಿನ್ಕೊಂಡೇ ಸಾಯ್ಬೇಕಂತೆ."

"ಉಣ್ಣಕೇನು ಮಾಡ್ತೀರಿ ಬಾವ?"

"ಜೋಳ ಬತ್ತದಲ್ಲ ಹಡಗಲ್ಲಿ."

ಎಲ್ಲರೂ ನಕ್ಕರು. ಚಿಕ್ಕಣ್ಣ ಗಂಟನ್ನು ಮೇಲಿಟ್ಟು, ಕಾಲುವೆಯೊಳಕ್ಕೆ ಧುಮುಕಿ, ಒಬ್ಬನ ಕೈಯಿಂದ ಗುದ್ದಲಿ ಕಿತ್ತುಕೊಂಡು ಅಗೆದ ಮಣ್ಣನ್ನು ಮತ್ತೆ ಒಳಕ್ಕೆ ಎಳೆಯತೊಡಗಿದ. ಎಳೆದ, ಎಳೆದ. ಕಾಲುವೆ ದಿಬ್ಬದ ಉದ್ದಕ್ಕೂ ಇತ್ತು. ಅವನು ಮುಚ್ಚಿದ್ದು ಒಂದು ಕರು ಮಲಗುವಷ್ಟು ಜಾಗ. ಯಾರೂ ತಡೆಯಲಿಲ್ಲ. ಬೆವರು ಕಣ್ಣಿಗಿಳಿದು ಅವನೇ ನಿಂತ.

ಈಗ ಯಾರೂ ನಗುತ್ತಿರಲಿಲ್ಲ. ಕರಿಯಪ್ಪ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, ನಿಜವಾಗಿಯೂ ತಿಳಿದುಕೊಳ್ಳುವವನಂತೆ ಕೇಳಿದ:

"ನೀನು ಅಗೀವಾಗ್ಲೂ ಯಾರಾದ್ರೂ ಇಂಗೇ ಬ್ಯಾಡ ಅಂದಿರ್ಬೇಕಲ್ಲ ಚಿಕ್ಕಣ್ಣ. ಅವ್ರ ಮಾತು ಕೇಳಿದ್ಯೇನೋ?"

ಚಿಕ್ಕಣ್ಣ ಗುದ್ದಲಿಯನ್ನು ಅದರ ಒಡೆಯನ ಕೈಗೆ ಕೊಟ್ಟ. ಮೇಲೆ ಹತ್ತಿ, ಕೈಯ ಮಣ್ಣು ಕೊಡವಿ, ಬಿತ್ತನೆಯ ಗಂಟನ್ನು ತಲೆಯ ಮೇಲಿಟ್ಟುಕೊಂಡು ಊರಿಗೆ ಮರಳುವ ಮಳವಳ್ಳಿಯ ದಾರಿ ಹಿಡಿದ.