ಕುಂಕುಮದಡಿಯ ನಂಬರು

ನಾನು ಒಂದು ಸೀಲು. ಅಂಚೆ ಕಚೇರಿಯ ಶಾಯಿ ಮುದ್ರೆ ಅಂದುಕೊಳ್ಳಬೇಡಿ! ಹೆಬ್ಬೆರಳು ಗಾತ್ರದ ಉಕ್ಕಿನ ಮೊಳೆ, ತಲೆಗೊಂದು ಗಟ್ಟಿ ಟೋಪಿ. ಸರಕು ಲಾರಿಯ ಬಾಗಿಲಿಗೆ ಹಾಕಿ ಒಮ್ಮೆ ಒತ್ತಿದರೆ ಮುಗಿಯಿತು. ಕತ್ತರಿಸಿದರೆ ಮಾತ್ರ ಬಿಡುತ್ತೇನೆ. ಕಾರ್ಖಾನೆಯಲ್ಲಿ ಹುಟ್ಟಿದ ದಿನವೇ ಮೈಮೇಲೆ ನಂಬರು ಕೆತ್ತಿದರು: 408916. ಈ ನಂಬರು ಲೋಕದಲ್ಲಿ ಇನ್ನೊಬ್ಬನಿಗಿಲ್ಲ. ಜಂಬ ಬರದೆ ಇರುತ್ತದೆಯೇ?

ಹುಬ್ಬಳ್ಳಿಯಲ್ಲಿ ಕಸ್ಟಮ್ಸ್ ಅಧಿಕಾರಿಯೊಬ್ಬರು ನನ್ನನ್ನು ಚಾಲಕ ಈರಬಸಪ್ಪನ ತಂಪು ಲಾರಿಗೆ ಜಡಿದರು. ಒಳಗೆ ಆರು ಸಾವಿರ ಬಾಳೆ ಸಸಿ, ಹೋಗಬೇಕಾದದ್ದು ನೇಪಾಳದ ಒಂದು ರೈತ ಮಹಿಳೆಯರ ಸಂಘಕ್ಕೆ. ಎರಡು ದೇಶಗಳ ಒಪ್ಪಂದ ಸರಳ. ಲಾರಿಯ ಜೊತೆ ಬರುವ ಸರಕಿನ ಕಾಗದದಲ್ಲಿರುವ ನಂಬರೂ ನನ್ನ ನಂಬರೂ ಒಂದೇ ಆಗಿದ್ದರೆ ಗಡಿಯಲ್ಲಿ ಬಾಗಿಲು ತೆಗೆಯುವಂತಿಲ್ಲ. ಸರಕು ತಲುಪುವ ಊರಿನ ಅಧಿಕಾರಿಯೇ ನನ್ನನ್ನು ಕತ್ತರಿಸಬೇಕು. ತಾಳೆಯಾಗದಿದ್ದರೆ ಎಲ್ಲವನ್ನೂ ಇಳಿಸಿ ಪರೀಕ್ಷೆ, ಎರಡು ದಿನದ ಕೆಲಸ. ಅಷ್ಟರಲ್ಲಿ ಆ ಎಳೆಯ ಸಸಿಗಳು ಬಿಸಿಲಿಗೆ ಬಾಡಿ ಸತ್ತೇ ಹೋಗುತ್ತವೆ.

ಈರಬಸಪ್ಪ ಬಲು ದೈವಭಕ್ತ. ಅದೇ ಎಡವಟ್ಟಾಯಿತು ನೋಡಿ! ದಾರಿಯಲ್ಲೇ ಆಯುಧಪೂಜೆ ಬಂತು. ಸ್ಟೇರಿಂಗಿಗೆ, ಟೈರಿಗೆ, ಜಾಕಿಗೆ ಕುಂಕುಮ ಹಚ್ಚಿದವನು ನನ್ನ ಮುಂದೆ ಬಂದು ನಿಂತ.

"ಇಡೀ ಲಾರಿ ಕಾಯಾಂವ ನೀನ. ನಿನ್ನ ಬಿಟ್ರ ಹೆಂಗೋ ಮಾರಾಯಾ?"

ಎಣ್ಣೆಯಲ್ಲಿ ಕಲಸಿದ ಕುಂಕುಮ ಮೆತ್ತಿಯೇ ಬಿಟ್ಟ. ನನಗೂ ಹಿಗ್ಗೋ ಹಿಗ್ಗು! ಆಮೇಲೆ ಬಿಹಾರದ ಧೂಳು ಅದರ ಮೇಲೆ ಕೂತು ಒಣಗಿತು.

ಗಡಿಯಲ್ಲಿ ನೇಪಾಳದ ಅಧಿಕಾರಿ ಬಿಂದು ಕಾರ್ಕಿ ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿದರು. "ನಂಬರು ಎಲ್ಲಿ? ಸೀಲು ಬದಲಿಸಿ ಬಣ್ಣ ಬಳಿದಿದ್ದೀರಾ?" ಎಂದು ಹಿಂದಿಯಲ್ಲಿ ಕೇಳಿದರು.

ಈರಬಸಪ್ಪನ ಮುಖ ಬಿಳಿಚಿಕೊಂಡಿತು. "ಪೂಜಾ, ಮೇಡಂ! ಪೂಜಾ!" ಎನ್ನುತ್ತಾ ಒರೆಸಲು ಕೈಚಾಚಿದ.

"ಮುಟ್ಟಬೇಡಿ!"

ಅವರ ಜೀಪಿಗೂ ದಸೈಂ, ಅಂದರೆ ಅವರ ದಸರಾ ಹಬ್ಬದ ಕೆಂಪು ತಿಲಕವಿತ್ತು. ಅದು ಕಣ್ಣಿಗೆ ಬಿದ್ದು ಅವರಿಗೇ ನಗು ಬಂತು. ಆದರೂ, "ಹಬ್ಬ ನಮ್ಮಲ್ಲೂ ಇದೆ. ನಂಬರು ಮಾತ್ರ ಕಾಣಲೇಬೇಕು" ಎಂದು ಇಬ್ಬರು ಸಾಕ್ಷಿಗಳನ್ನು ಕರೆದು, ಬಟ್ಟೆಗೆ ಸೀಮೆಎಣ್ಣೆ ಹಾಕಿ ತಾವೇ ಉಜ್ಜತೊಡಗಿದರು. ನಾಲ್ಕು... ಸೊನ್ನೆ... ಎಂಟು... ಅಯ್ಯೋ, ಕೂಗಿ ಹೇಳೋಣವೆಂದರೆ ನನಗೆ ಬಾಯಿಲ್ಲ! ಒಂಬತ್ತು... ಒಂದು... ಕೊನೆಯದು ಬರಲೊಲ್ಲದು. ಈರಬಸಪ್ಪ ಕಣ್ಣು ಮುಚ್ಚಿ "ಯಪ್ಪಾ ಬಸವಣ್ಣಾ" ಎನ್ನುತ್ತಿದ್ದ.

ಆರು! ಕಾಗದದಲ್ಲೂ ಆರು! ಗೇಟು ಮೇಲೆದ್ದಿತು.

ಮರುದಿನ ಸಸಿಗಳು ತಲುಪಬೇಕಾದ ಊರಿನ ಕಸ್ಟಮ್ಸ್ ಅಂಗಳದಲ್ಲಿ, ಅಲ್ಲಿಯ ಅಧಿಕಾರಿಯ ಉದ್ದ ಹಿಡಿಯ ಕತ್ತರಿ ನನ್ನ ಕುತ್ತಿಗೆಗೆ ಬಂತು. ಕಟ್! ಬಾಗಿಲು ತೆರೆಯಿತು. ಒಳಗೆಲ್ಲ ಹಸಿರು! ಸಂಘದ ಹೆಂಗಸರು ಎಲೆ ಮುಟ್ಟಿ ಮುಟ್ಟಿ ನೋಡಿ ಚಪ್ಪಾಳೆ ತಟ್ಟಿದರು. ಈರಬಸಪ್ಪ ಮಾತ್ರ ಕೈಕಟ್ಟಿ ದೂರ ನಿಂತಿದ್ದ.

"ಈಗರ ಮುಟ್ಟಬಹುದೇನ್ರೀ?" ಎಂದು ಕನ್ನಡದಲ್ಲೇ ಕೇಳಿಬಿಟ್ಟ. ಆ ಅಧಿಕಾರಿಗೆ ಏನು ತಿಳಿಯಿತೋ, ನಕ್ಕು ತಲೆಯಾಡಿಸಿದರು. ಈರಬಸಪ್ಪ ತುಂಡಾದ ನನ್ನನ್ನು ಎತ್ತಿ ಕಣ್ಣಿಗೊತ್ತಿಕೊಂಡ.

ಈಗ ಅದೇ ಕಸ್ಟಮ್ಸ್ ಕಚೇರಿಯ ತಗಡಿನ ಡಬ್ಬದಲ್ಲಿ, ನನ್ನಂಥ ನೂರಾರು ತುಂಡುಗಳ ನಡುವೆ ಇದ್ದೇನೆ. ಗುಜರಿಗೆ ಹೋಗುವ ದಿನ ದೂರವಿಲ್ಲ. ಹೋಗಲಿ ಬಿಡಿ! ಮುರಿದುಹೋದವರೆಂದು ನಮಗಾಗಿ ಯಾರೂ ಮರುಗಬೇಡಿ. ಇಲ್ಲಿರುವ ಪ್ರತಿಯೊಬ್ಬನೂ ಒಂದು ಬಾಗಿಲನ್ನು ಅದು ತೆರೆಯಬೇಕಾದ ಊರಲ್ಲೇ ತೆರೆಸಿದವನು.