ಪ್ಯಾಕೆಟ್ಟಿನ ಮೇಲೆ ಒಂದು ನಗು

ಸಿಂಹ ಕೋಡುಬಳೆ ತಿನ್ನುವುದನ್ನು ಪುಷ್ಪಾ ಈ ಜನ್ಮದಲ್ಲಿ ನೋಡಿರಲಿಲ್ಲ. ಇಂಪನಾಳ ಲ್ಯಾಪ್‌ಟಾಪಿನಲ್ಲಿ ಮಾತ್ರ ಅದು ಕಾಲ ಮೇಲೆ ಕಾಲು ಹಾಕಿಕೊಂಡು, ಮುಂದೆ ತಟ್ಟೆ ತುಂಬ ಕೋಡುಬಳೆ ಇಟ್ಟುಕೊಂಡು ಮದುವೆ ಮನೆಗೆ ಬಂದ ಬೀಗರ ಗತ್ತಿನಲ್ಲಿ ಕೂತಿತ್ತು.

"ಶಿವಮೊಗ್ಗ ಅಂದ್ರೆ ತ್ಯಾವರೆಕೊಪ್ಪದ ಸಿಂಹಧಾಮ ಅಲ್ವಾ ಆಂಟಿ? ಸಿಂಹ ನೋಡಿದ ತಕ್ಷಣ ಜನಕ್ಕೆ ನಮ್ಮೂರು ಅಂತ ಗೊತ್ತಾಗುತ್ತೆ."

"ಅದು ಮಾಂಸ ತಿನ್ನೋ ಪ್ರಾಣಿ ಕಣಮ್ಮ. ಅದರ ಕೈಗೆ ನನ್ನ ಕೋಡುಬಳೆ ಯಾಕೆ ಕೊಟ್ಟೆ?" ಎಂದಳು ಪುಷ್ಪಾ. "ನಂಗೆ ಮನುಷ್ಯ ಬೇಕು. ನಗ್ತಿರೋ ಮನುಷ್ಯ."

ಪುಷ್ಪಾ ಗೋಪಾಳದಲ್ಲಿ ಮನೆಯ ಹಿಂದೆ ಶೀಟು ಹಾಕಿಸಿಕೊಂಡು ಕೋಡುಬಳೆ ಕರಿಯುತ್ತ ಬಂದು ಎಷ್ಟೋ ವರ್ಷವಾಗಿತ್ತು. ಅವಳು ಕರಿಯುವುದು, ಗಂಡ ಯೋಗರಾಜ ಅದನ್ನು ಸ್ಕೂಟರಿನಲ್ಲಿ ಹೇರಿಕೊಂಡು ಹೋಗಿ ಅಂಗಡಿ ಅಂಗಡಿಗೆ ಹಾಕುವುದು. ಯೋಗರಾಜ ಒಂದು ಅಂಗಡಿಗೆ ಕಾಲಿಟ್ಟರೆ ಅಲ್ಲಿ ಹೊತ್ತು ಹೋಗುವುದೇ ತಿಳಿಯುತ್ತಿರಲಿಲ್ಲ. ಕೋಡುಬಳೆಗಿಂತ ಇವನ ಮಾತೇ ಗರಿಗರಿ ಎಂದು ಅಂಗಡಿಯವರು ಛೇಡಿಸುತ್ತಿದ್ದರು. ಎರಡು ವರ್ಷದ ಹಿಂದೆ, ಸ್ಕೂಟರಿಗೆ ಪ್ಯಾಕೆಟ್ಟು ಕಟ್ಟುತ್ತಿದ್ದವನು ಎದೆ ಹಿಡಿದುಕೊಂಡು ಅಲ್ಲೇ ಕುಸಿದ. ಆಸ್ಪತ್ರೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು.

ಈಗ ಹೊಸದಾಗಿ ತೆರೆದ ದೊಡ್ಡ ಅಂಗಡಿಯೊಂದು ಅವಳ ಸರಕು ಇಟ್ಟುಕೊಳ್ಳಲು ಒಪ್ಪಿತ್ತು. ಆದರೆ ಅಲ್ಲಿನ ಮ್ಯಾನೇಜರು ಬೋಳು ಕವರು ನಡೆಯದು ಎಂದಿದ್ದ. "ಮ್ಯಾಸ್ಕಾಟ್ ಮಾಡಿಸಿ ಮೇಡಂ. ಒಂದು ಗೊಂಬೆ ಥರ. ಆ ಮುಖ ನೋಡಿದ್ರೆ ನಿಮ್ಮ ಮಾಲು ಅಂತ ಜನಕ್ಕೆ ಗೊತ್ತಾಗ್ಬೇಕು." ಆ ಹುಡುಗ ಹೇಳಿದ್ದು ವ್ಯಾಪಾರದ ಮಾತು. ಪುಷ್ಪಾಳಿಗೆ ಕೇಳಿಸಿದ್ದು ಮುಖ ಎಂಬುದೊಂದೇ. ಈ ಕೋಡುಬಳೆಗೆ ಮುಖ ಅಂತ ಇದ್ದದ್ದು ಒಂದೇ ಒಂದು.

ಹಾಗೆಂದು ಬಾಯಿಬಿಟ್ಟು ಹೇಳಲು ನಾಚಿಕೆ. ರಾಗಿಗುಡ್ಡದ ಹತ್ತಿರ ಮನೆಯಲ್ಲೇ ಕೂತು ಚಿತ್ರ ಮಾಡಿಕೊಡುವ ಇಂಪನಾಳ ಮುಂದೆ ಅವಳು ನಗುವ ಮನುಷ್ಯ ಎಂದಷ್ಟೇ ಹೇಳಿದ್ದಳು. ಆ ಹುಡುಗಿ ಪೇಟ ಸುತ್ತಿದ ಯಜಮಾನನನ್ನು ಬರೆದಳು. ಬೇಡ. ಹುರಿಮೀಸೆಯವನನ್ನು ಬರೆದಳು. ಬೇಡವೇ ಬೇಡ. ಮೀಸೆ ತೆಗೆದು, ಕೆನ್ನೆ ಇಳಿಸಿ, ಮುಂದಲೆ ಸ್ವಲ್ಪ ಬೋಳು ಮಾಡಿದಾಗ ಪುಷ್ಪಾ ಕುರ್ಚಿಯಿಂದ ಅರ್ಧ ಎದ್ದಳು.

ಇಂಪನಾ ಪೆನ್ನು ಕೆಳಗಿಟ್ಟಳು. "ಆಂಟಿ, ಇದು ಅಂಕಲ್ಲಾ?"

ಪುಷ್ಪಾ ಸೆರಗು ಸರಿಮಾಡಿಕೊಂಡಳು. ಸರಿಯಾಗಿಯೇ ಇದ್ದ ಸೆರಗು ಅದು. "ಹೌದು ಕಣೆ" ಎಂದಳು.

"ಮೊದಲೇ ಹೇಳ್ಬಾರದಾ? ಒಂದು ಫೋಟೋ ಕೊಡಿ, ಸಂಜೆಗೆ ಮಾಡಿಕೊಡ್ತೀನಿ."

ಫೋಟೋ ಕೊಡುವುದೇ ಕಷ್ಟವಾಗಿತ್ತು. ಯೋಗರಾಜ ಕ್ಯಾಮೆರಾ ಕಂಡರೆ ತುಟಿ ಹೊಲಿದುಕೊಂಡವನಂತೆ ನಿಲ್ಲುತ್ತಿದ್ದ. ಮದುವೆಯ ಆಲ್ಬಮ್ಮಿನಲ್ಲಿಯೂ ಹಾಗೆಯೇ, ಯಾರೋ ಹಿಡಿದು ತಂದು ನಿಲ್ಲಿಸಿದಂತೆ. ನಗುತ್ತಿದ್ದದ್ದು ಒಂದರಲ್ಲಿ ಮಾತ್ರ. ಭದ್ರಾವತಿಯಲ್ಲಿ ಅವನ ಅಕ್ಕ ಜಲಜಮ್ಮನ ಮನೆಯ ಗೃಹಪ್ರವೇಶದ ದಿನ ಯಾರೋ ಜಲಜಮ್ಮನ ಫೋನಿನಲ್ಲಿ ಅವನಿಗೆ ತಿಳಿಯದ ಹಾಗೆ ತೆಗೆದದ್ದು. ಅವನು ತೀರಿಕೊಂಡಾಗ ಜಲಜಮ್ಮ ಅದನ್ನೇ ಸ್ಟುಡಿಯೋಗೆ ಕೊಟ್ಟು, ತನ್ನ ತಮ್ಮ ಸೊಟ್ಟ ಹಲ್ಲಿನಲ್ಲಿ ಗೋಡೆಯ ಮೇಲೆ ಕೂರುವುದು ಬೇಡ ಎಂದು ಹೇಳಿ ತಿದ್ದಿಸಿದ್ದರು. ಸ್ಟುಡಿಯೋದವನು ಹಲ್ಲೆಲ್ಲ ಮುತ್ತು ಪೋಣಿಸಿದ ಹಾಗೆ ಮಾಡಿ, ಉಚಿತವಾಗಿ ಒಂದು ನೀಲಿ ಕೋಟನ್ನೂ ತೊಡಿಸಿ ಕಳಿಸಿದ. ವೈಕುಂಠ ಸಮಾರಾಧನೆಗೆ ಬಂದವರೆಲ್ಲ ಎಷ್ಟು ಲಕ್ಷಣವಾಗಿ ಬಂದಿದೆ ಎಂದರು. ಅಳುವಿನ ಮಧ್ಯೆ ಪುಷ್ಪಾಳಿಗೂ ಹಾಗೇ ಅನ್ನಿಸಿತ್ತು. ಹಾರ ಒಣಗಿದ ಮೇಲೆ ಗೋಡೆ ನೋಡಿದರೆ ಅಲ್ಲಿ ಯಾರೋ ಬ್ಯಾಂಕ್ ಮ್ಯಾನೇಜರು ಕೂತಿದ್ದ.

ಬೇರೆ ದಾರಿಯಿಲ್ಲದೆ ಪುಷ್ಪಾ ಅದನ್ನೇ ಇಂಪನಾಳಿಗೆ ತೋರಿಸಿದಳು. "ಇದಲ್ಲ ಕಣೆ ಅವರ ನಗು. ಅವರಿಗೆ ಒಂದು ಹಲ್ಲು ಇನ್ನೊಂದರ ಮೇಲೆ ಹತ್ತಿ ಕೂತಿತ್ತು. ಅದು ಬರ್ಬೇಕು."

"ಯಾವ ಕಡೆ ಆಂಟಿ? ಎಡಗಡೆನಾ, ಬಲಗಡೆನಾ?"

ಪುಷ್ಪಾ ಹೇಳಲು ಬಾಯಿ ತೆರೆದಳು. ಕಣ್ಣು ಮುಚ್ಚಿ ನೋಡಿದಳು. ಹಲ್ಲು ಎಡಕ್ಕೆ ಬಂತು, ಬಲಕ್ಕೆ ಹೋಯಿತು, ಎಲ್ಲಿಯೂ ನಿಲ್ಲಲಿಲ್ಲ. ಇಷ್ಟು ವರ್ಷ ಬಾಳಿದ ಗಂಡನ ಬಾಯಿ ತನಗೆ ನೆನಪಿಲ್ಲ! ಅವನು ಸತ್ತ ದಿನವೂ ಅವಳಿಗೆ ಇಷ್ಟು ದಿಗಿಲಾಗಿರಲಿಲ್ಲ. ಅವತ್ತು ಹೋದದ್ದು ಅವನು. ಈಗ ತನ್ನೊಳಗಿದ್ದವನೂ ಹೊರಟಿದ್ದಾನೆ ಅನ್ನಿಸಿತು.

ಮರುದಿನ ಬೆಳಿಗ್ಗೆ ಒಲೆ ಹಚ್ಚದೆ ಭದ್ರಾವತಿಯ ಬಸ್ಸು ಹತ್ತಿದಳು.

ಜಲಜಮ್ಮ ಅಕ್ಕಿ ಆರಿಸುತ್ತ ಕೂತಿದ್ದರು. ಬಂದ ಕಾರಣ ಕೇಳಿ ಮೊರ ಪಕ್ಕಕ್ಕಿಟ್ಟರು. "ಆ ಫೋನು ಎಲ್ಲಿದೆ ಮಾರಾಯ್ತಿ! ಎಕ್ಸ್‌ಚೇಂಜಿಗೆ ಕೊಟ್ಟು ಇದನ್ನ ತಗೊಂಡ್ನಲ್ಲ. ಸ್ಟುಡಿಯೋನೂ ಮುಚ್ಚಿಹೋಯ್ತು."

"ಹೋಗ್ಲಿ ಅತ್ತಿಗೆ, ನಿಮಗೆ ನೆನಪಿರುತ್ತಲ್ಲ. ಎತ್ತಿ ಆಡಿಸಿದವರು ನೀವು. ಆ ಹಲ್ಲು ಯಾವ ಕಡೆ ಇತ್ತು?"

"ಎಡಗಡೆ" ಎಂದರು ಜಲಜಮ್ಮ ಥಟ್ಟನೆ. ಆಮೇಲೆ ನಾಲಿಗೆಯಿಂದ ತಮ್ಮ ಹಲ್ಲನ್ನೇ ಸವರಿ ನೋಡಿಕೊಂಡರು. "ಅಲ್ಲ, ಬಲಗಡೆ ಇರ್ಬೇಕು. ಅವನು ಎಲ್ಲಿ ತೋರಿಸ್ತಿದ್ದ ಹೇಳು. ದೊಡ್ಡವನಾದ ಮೇಲೆ ಹಿಂಗೇ ಅಲ್ವಾ ನಗ್ತಿದ್ದಿದ್ದು?" ಎಂದು ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು, ಭುಜ ಕುಣಿಸಿ, ಕಣ್ಣು ಕಿರಿದು ಮಾಡಿ ನಕ್ಕು ತೋರಿಸಿದರು.

ಅದೇ ಭುಜ, ಅದೇ ಕಣ್ಣು. ಆ ಒಂದು ಗಳಿಗೆ ಯೋಗರಾಜ ಆ ಮನೆಯಲ್ಲಿ ಅಕ್ಕಿಯ ಮೊರದ ಹಿಂದೆ ಕೂತಿದ್ದ. ಜಲಜಮ್ಮ ಕೈ ಇಳಿಸಿದರು. ಹೋದ.

"ನಿನ್ನ ಹತ್ರನೂ ಹಂಗೇ ನಗ್ತಿದ್ನಾ?"

"ಇಲ್ಲ ಅತ್ತಿಗೆ" ಎಂದಳು ಪುಷ್ಪಾ. "ನಾವಿಬ್ಬರೇ ಇದ್ದಾಗ ಕೈ ಅಡ್ಡ ಬರ್ತಿರ್ಲಿಲ್ಲ."

ಹೇಳಿದ ಮೇಲೆ ಅವಳಿಗೆ ತಡೆಯಲಾಗಲಿಲ್ಲ. ಬಾಣಲೆಯ ಮುಂದೆ ಕೂತು ಹಿಟ್ಟು ಹೊಸೆದು ಕೊಡುತ್ತ, ಅಂಗಡಿಯವರ ಸುದ್ದಿ ಹೇಳುತ್ತ, ಅವನು ಬಾಯಿ ತುಂಬ ನಗುತ್ತಿದ್ದ. ಆ ಸೊಟ್ಟ ಹಲ್ಲಿನ ನಗುವನ್ನು ಊರಿಗೆ ಊರೇ ನೋಡಿರಲಿಲ್ಲ. ದಿನವೂ ನೋಡಿದವಳು ತಾನೊಬ್ಬಳು. ಕಾಪಾಡಿಕೊಳ್ಳದೆ ಹೋದವಳೂ ತಾನೇ. ಜಲಜಮ್ಮ ಅವಳ ಬೆನ್ನು ಸವರುತ್ತ, "ಅಳ್ಬೇಡ್ವೇ, ಅಳ್ಬೇಡ್ವೇ" ಎಂದು ತಾವೂ ಅತ್ತರು.

ಮನೆಗೆ ವಾಪಸು ಬರುವ ಮೊದಲು ಪುಷ್ಪಾ ಇಂಪನಾಳ ಮುಂದೆ ನಿಂತು, ಅಂಗೈ ಬಾಯಿಗೆ ಅಡ್ಡ ಹಿಡಿದು, ಭುಜ ಕುಣಿಸಿ ತೋರಿಸಿದಳು. ಇಂಪನಾ ಏನೂ ಕೇಳದೆ ಬರೆದಳು. ಈ ಸಲ ಬೇಡ ಎನ್ನುವ ಮಾತೇ ಬರಲಿಲ್ಲ.

ಪ್ಯಾಕೆಟ್ಟುಗಳು ಅಚ್ಚಾಗಿ ಬಂದವು. ಮ್ಯಾನೇಜರು ಹಿರಿಹಿರಿ ಹಿಗ್ಗಿದ. ತಿಂದದ್ದು ಸಿಕ್ಕಿಬೀಳಬಾರದೆಂದು ಬಾಯಿ ಮುಚ್ಚಿಕೊಂಡ ಕಳ್ಳನ ಹಾಗಿದೆ, ಎಂಥಾ ಐಡಿಯಾ ಮೇಡಂ ಎಂದ. ಹಳೆಯ ಅಂಗಡಿಯವರು ಹಾಗೆ ಮೋಸಹೋಗಲಿಲ್ಲ. ಒಬ್ಬ ಪ್ಯಾಕೆಟ್ಟು ಕೈಗೆತ್ತಿಕೊಂಡು, "ಅಯ್ಯೋ, ನಮ್ಮ ಯೋಗರಾಜ!" ಎಂದು ಪಕ್ಕದ ಅಂಗಡಿಯವನನ್ನೂ ಕೂಗಿದ. ಪುಷ್ಪಾಳಿಗೆ ಹೆಮ್ಮೆಯಾಯಿತು. ಊರು ಕಂಡ ಯೋಗರಾಜ ಊರಿಗೆ ಮರಳಿ ಸಿಕ್ಕಿದ್ದ.

ಅವಳು ಕಂಡವನು ಸಿಕ್ಕಿರಲಿಲ್ಲ.

ಮಧ್ಯಾಹ್ನ ಹಿಟ್ಟು ಕಲಸಿ ಕೈ ತೊಳೆದು ಬಂದಳು. ಬಾಣಲೆಯ ಎಣ್ಣೆ ಇನ್ನೂ ಕಾದಿರಲಿಲ್ಲ. ಖಾಲಿ ಪ್ಯಾಕೆಟ್ಟೊಂದನ್ನು ಕಟ್ಟಿನಿಂದ ಎಳೆದು ತೊಡೆಯ ಮೇಲೆ ಇಟ್ಟುಕೊಂಡಳು. ಒಮ್ಮೆ ಬಾಗಿಲ ಕಡೆ ನೋಡಿದಳು. ಆಮೇಲೆ ಮೆಲ್ಲಗೆ, ಅವನಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಅಂದಳು:

"ರೀ, ಇಲ್ಲಿ ಯಾರೂ ಇಲ್ಲ. ಕೈ ತೆಗೀರಿ."