ಗಿರಿಜೆಯ ಜಡೆ

ಜಯನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಭಾನುವಾರ ಬೆಳಗ್ಗೆ ಅನಂತರಾಮು ಅವರ ಹಜಾರದಲ್ಲಿ ನಾಟಕದ ತಾಲೀಮು. ಒಳಗೆ ಅವರ ತಾಯಿ ಸೀತಮ್ಮ ಕಾಫಿಬೀಜ ಹುರಿಯುತ್ತಿದ್ದರು. ನಾನು ಪ್ರಾಂಪ್ಟರ್, ಹಾಸ್ಟೆಲಿನಿಂದ ನಡೆದು ಬಂದು, ನೋಟ್‌ಬುಕ್ ಹಿಡಿದು ಬಾಗಿಲ ಪಕ್ಕ ಕೂರುತ್ತಿದ್ದೆ.

ವಿಧವೆಯ ತಲೆ ಬೋಳಿಸುವುದನ್ನು ಖಂಡಿಸುವ ನಾಟಕ. ಬರೆದವರು ಅನಂತರಾಮು, ಸುಧಾರಕನ ಪಾತ್ರವೂ ಅವರದೇ. ವಿಧವೆ ಗಿರಿಜೆಯಾಗಿ ಗುಮಾಸ್ತ ಬದರಿನಾಥ.

ಅನಂತರಾಮು ಅವರ ತಂಗಿ ಸರಸ್ವತಿಗೆ ಇಪ್ಪತ್ತೆರಡು. ಗಂಡ ಟೈಫಾಯ್ಡ್‌ನಿಂದ ಸತ್ತು ಹತ್ತು ತಿಂಗಳಾಗಿತ್ತು.

"ವರ್ಷ ತುಂಬೋದ್ರೊಳಗೆ ಆಗ್ಬೇಕು," ಎಂದರು ಸೀತಮ್ಮ. "ಕೂದಲಿರೋ ವಿಧವೆ ಕೈನೀರು ದೇವರಿಗೆ ಸಲ್ಲಲ್ಲ. ನನಗೂ ಮಾಡಿದ್ರು. ನಾನೇನು ಸತ್ತೆನಾ?"

"ಸಾರ್, ನಿಮ್ಮ ನಾಟಕ..." ಎಂದೆ.

"ನಾಟಕ ಜನಕ್ಕೆ ಕಣಯ್ಯ. ಅಮ್ಮಂಗೆ ಅರವತ್ತು ದಾಟಿದೆ. ಈಗ ಅವಳ ಜೊತೆ ಜಗಳ ಆಡಲಾ?"

ಬುಧವಾರ ಹಿತ್ತಲಲ್ಲಿ ಕ್ಷೌರದ ರಾಮಯ್ಯ ಕೆಲಸ ಮುಗಿಸಿದ. ಭಾನುವಾರ ಅನಂತರಾಮು ಬದರಿನಾಥನ ಮುಂದೆ ಒಂದು ಪೊಟ್ಟಣ ಬಿಚ್ಚಿದರು. ಉದ್ದನೆಯ ಜಡೆ.

"ಆ ಬಾಡಿಗೆ ವಿಗ್ಗು ಕುದುರೆ ಬಾಲದ ಹಾಗಿದೆ. ಅದಕ್ಕೆ ಇದನ್ನ ಹೊಲಿಸು."

"ಯಾರದು ಸಾರ್?"

"ಮನೇದೇ."

ಬದರಿನಾಥ ಜಡೆಯನ್ನು ಕೈಯಲ್ಲಿ ತೂಗಿ ನೋಡಿದ. "ಒಳ್ಳೆ ದಟ್ಟ ಕೂದಲು," ಎಂದ. ಯಾರದೆಂದು ನನಗೆ ಗೊತ್ತಿತ್ತು. ನೋಟ್‌ಬುಕ್ಕಿನ ಪುಟ ತಿರುವಿದೆ.

ಮೊದಲ ಪ್ರದರ್ಶನ ವಿಲ್ಸನ್ ಗಾರ್ಡನ್‌ನಲ್ಲಿ. ಮೂರನೇ ಅಂಕದಲ್ಲಿ ಜಡೆ ನೆಲಕ್ಕೆ ಬಿದ್ದಾಗ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. ಮುಂದಿನ ಸಾಲಿನಲ್ಲಿ ಸೀತಮ್ಮನೂ ಅತ್ತರು. "ಪಾಪ, ಚಿಕ್ಕ ಹುಡುಗಿ," ಎಂದರು. ಸರಸ್ವತಿ ಬಂದಿರಲಿಲ್ಲ. ವರ್ಷ ತುಂಬುವವರೆಗೆ ಅವಳು ಹೊಸಿಲು ದಾಟುವಂತಿರಲಿಲ್ಲ.

ಎರಡನೇ ಪ್ರದರ್ಶನ ಹತ್ತಿರವಾಗಿದ್ದರಿಂದ ಒಂದು ಬುಧವಾರವೂ ತಾಲೀಮಿತ್ತು. ಅಂದೇ ರಾಮಯ್ಯ ಮತ್ತೆ ಬಂದ. ಸರಸ್ವತಿಯ ತಲೆಯಲ್ಲಿ ತಿಂಗಳ ಕೂದಲು ಬೆಳೆದಿತ್ತು.

"ಸರಸೂ, ಹಿತ್ತಲಿಗೆ ಬಾರೇ," ಎಂದು ಸೀತಮ್ಮ ಕೂಗಿದರು.

ಸರಸ್ವತಿ ಹಜಾರಕ್ಕೆ ಬಂದಳು. ತಲೆಯ ಮೇಲೆ ಸೆರಗಿರಲಿಲ್ಲ. ಗಿರಿಜೆಗೆಂದು ಇಟ್ಟಿದ್ದ ಮಣೆಯ ಮೇಲೆ ಕೂತಳು.

"ಅಯ್ಯೋ, ಗಂಡಸರ ಮುಂದೆ! ನಾಚಿಕೆ ಆಗಲ್ವೇ ನಿನಗೆ?"

"ಹಿತ್ತಲಿಗೆ ನಾನು ಹೋಗಲ್ಲ," ಎಂದಳು ಸರಸ್ವತಿ. ದನಿ ಏರಲಿಲ್ಲ. "ಅಣ್ಣ, ಗಿರಿಜೆಯನ್ನ ಎಳ್ಕೊಂಡು ಹೋಗೋಕೆ ಬಂದಾಗ ನೀನು ಅಡ್ಡ ನಿಂತು ಏನೋ ಹೇಳ್ತೀಯಲ್ಲ. ಗೋಡೆ ಆಚೆಯಿಂದ ಎಷ್ಟು ಸಲ ಕೇಳಿದೀನಿ. ಅದನ್ನ ಅಮ್ಮಂಗೆ ಹೇಳು."

ಅನಂತರಾಮು ನನ್ನ ಕಡೆ ನೋಡಿದರು. ಮಾತು ಮರೆತಾಗ ಹಾಗೆಯೇ ನೋಡುತ್ತಿದ್ದರು. ನಾನು ನೋಟ್‌ಬುಕ್ ಮುಚ್ಚಿದೆ.

"ಅಮ್ಮಾವ್ರೇ, ನೀರು ಆರೋಗ್ತೈತೆ," ಎಂದು ಹಿತ್ತಲಿಂದ ರಾಮಯ್ಯ ಕೂಗಿದ.



"ಹೋಗು ರಾಮಯ್ಯ," ಎಂದಳು ಸರಸ್ವತಿ. "ಮುಂದಿನ ತಿಂಗಳೂ ಬರಬೇಡ."